ನೀಲಿಯಿಲ್ಲದ ಆರು ವಾರ

ಹುಣಸೇ ಪಿಕ್ಕ, ಅಂದರೆ ಹುಣಸೆಯ ಬೀಜ, ಬೇಯುವ ವಾಸನೆ ಕೆಟ್ಟದ್ದೇನಲ್ಲ. ಹುರಿಗಡಲೆಗೂ ಒದ್ದೆ ಗೋಡೆಗೂ ನಡುವಿನ ಒಂದು ವಾಸನೆ. ಕಲ್ಯಾಣದುರ್ಗದಲ್ಲಿ ಕಂಬಳಿ ನೇಯುವವರ ಬೀದಿಗೆ ತಿರುಗಿದ ಕೂಡಲೇ ಅದು ಮೂಗಿಗೆ ಬಡಿಯಿತು. ಎರಡು ದಿನದ ಶಿಬಿರಕ್ಕೆಂದು ಆ ಊರಿಗೆ ಬಂದಿದ್ದೆ. ಪರಿಸರಕ್ಕೆ ಹೊರೆಯಾಗದ ಹಾಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸುವುದು ಹೇಗೆ ಎಂದು ಡ್ರಾಯಿಂಗ್ ಮೇಷ್ಟರುಗಳಿಗೆ ಹೇಳಿಕೊಡುವುದು ಈಗ ನನ್ನ ಕೆಲಸ. ಪ್ರತಿ ಶಿಬಿರದ ಮೊದಲ ಗಂಟೆಯಲ್ಲಿ ನಾನೊಂದು ಕಥೆ ಹೇಳುತ್ತೇನೆ, ನನಗೇ ನಡೆದ ಕಥೆ. ಅದು ನಡೆದ ಊರಿನಲ್ಲೇ ಅದನ್ನು ಹೇಳಬೇಕಾಗಿ ಬಂದದ್ದು ಅವತ್ತೇ ಮೊದಲು. ಬೆಳಿಗ್ಗೆ ಹೇಳಿ ಮುಗಿಸಿದ್ದೆ. ಹಿಂದಿನ ಸಾಲಿನಲ್ಲಿದ್ದ ಸರೋಜ ಎಂಬ ಶಿಕ್ಷಕಿ ಊಟದ ಹೊತ್ತಿಗೆ ಬಂದು, ನಿಮ್ಮ ಕಥೆಯ ರತ್ನಮ್ಮ ಈಗಲೂ ಕಂಬಳಿ ನೇಯುವವರ ಬೀದಿಯಲ್ಲೇ ಇದ್ದಾರೆ, ನೀವು ಬಂದಿರುವುದು ಅವರಿಗೆ ಗೊತ್ತು ಎಂದು ಹೇಳಿ ಹೋದರು. ಮಧ್ಯಾಹ್ನದ ತರಗತಿಯನ್ನು ಬೇಗ ಮುಗಿಸಿ ನಡೆದೆ.

ಕಥೆ ಆದದ್ದು ಎರಡು ಸಾವಿರದ ಮೂರೋ ನಾಲ್ಕೋ. ಬೇಸಿಗೆ ಎನ್ನುವುದು ಖಚಿತ. ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದಿ, ಯಾವ ಮಾತನ್ನೂ ಒಪ್ಪದೆ ಇರುವುದನ್ನು ಚೆನ್ನಾಗಿ ಕಲಿತು, ಕೆಲಸವಿಲ್ಲದೆ ಎರಡು ವರ್ಷ ತಿರುಗಿದ ಮೇಲೆ ಹಿಂದೂಪುರದಲ್ಲಿ ಆರು ವಾರದ ಒಂದು ತರಬೇತಿಗೆ ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಆಂಧ್ರದ ಗಡಿಯ ಕನ್ನಡ ಶಾಲೆಗಳಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ, ಆದರೆ ಸರ್ಟಿಫಿಕೇಟ್ ಇಲ್ಲದ ಇಪ್ಪತ್ತು ಮೂವತ್ತು ಜನ ಅದಕ್ಕೆ ಬಂದಿದ್ದರು. ಆ ವರ್ಷ ಹೊಸದಾಗಿ ಒಂದು ಸುತ್ತೋಲೆ ಬಂದಿತ್ತು. ಎಲ್ಲ ವಿಷಯಗಳಲ್ಲೂ ಪರಿಸರ ಬರಬೇಕು, ಚಿತ್ರಕಲೆಯಲ್ಲೂ ಬರಬೇಕು. ಹೇಗೆ ಎನ್ನುವುದನ್ನು ಅದರಲ್ಲಿ ಬರೆದಿರಲಿಲ್ಲ. ಮೊದಲ ದಿನವೇ ಎಲ್ಲರೂ ಥರ್ಮೋಕೋಲ್ ಹಾಳೆ ತಂದು, ಅದರ ಮೇಲೆ ಹಸಿರು ಪೋಸ್ಟರ್ ಬಣ್ಣದಲ್ಲಿ ಒಂದು ಮರ ಬರೆದು, ಕೆಳಗೆ ‘ಪರಿಸರ ಉಳಿಸಿ’ ಎಂದು ಅಂಟಿಸಿದರು. ನನಗೆ ಸಿಟ್ಟು ಬಂತು. ನಾಳೆಯಿಂದ ಅಂಗಡಿಯ ಬಣ್ಣ ಮುಟ್ಟಬಾರದು, ಥರ್ಮೋಕೋಲ್ ಮುಟ್ಟಬಾರದು, ಕಾಲ ಕೆಳಗಿರುವುದರಲ್ಲಿ ಬಣ್ಣ ಮಾಡಿ ಎಂದೆ. ಅಷ್ಟು ಹೇಳಿದವನಿಗೆ ಬಣ್ಣ ಮಾಡುವುದು ಹೇಗೆಂದು ಗೊತ್ತಿರಲಿಲ್ಲ.

ಸುತ್ತೋಲೆಯ ಜೊತೆಗಿದ್ದ ಹಳೆಯ ಪಠ್ಯಕ್ರಮದಲ್ಲಿ ‘ಪೋಸ್ಟರ್ ಬಣ್ಣದಲ್ಲಿ ಇಪ್ಪತ್ತು ಹಾಳೆ’ ಎಂದು ಸ್ಪಷ್ಟವಾಗಿಯೇ ಇತ್ತು. ಅದನ್ನು ಬದಲಾಯಿಸುವ ಅಧಿಕಾರ ನನಗಿರಲಿಲ್ಲ. ಮೇಲಿನವರನ್ನು ಕೇಳಿದರೆ ಬೇಡ ಎನ್ನುತ್ತಾರೆಂದು ಕೇಳಲೂ ಇಲ್ಲ.

ಮಣ್ಣು ಸಿಕ್ಕಿತು. ರೊದ್ದಂ ಕಡೆಯವರು ಕೆಂಪು ತಂದರು, ಸೋಮಂದೇಪಲ್ಲಿಯಲ್ಲಿ ಹೊಸ ಬಾವಿ ತೋಡಿದ ಕಡೆಯಿಂದ ಒಬ್ಬರು ಹಳದಿ ತಂದರು. ಕಪ್ಪಿಗೆ ಒಲೆಯ ಮಸಿ, ಬಿಳುಪಿಗೆ ಸುಣ್ಣ. ಹೊಂಗೆ ಎಲೆ ಅರೆದು ಹಸಿರು ಮಾಡಿದೆವು, ಎರಡು ದಿನಕ್ಕೆ ಅದು ಕಂದು ಬಣ್ಣಕ್ಕೆ ತಿರುಗಿತು. ಗೋರಂಟ್ಲದ ನರಸಿಂಹಪ್ಪ ಎಂಬೊಬ್ಬರಿದ್ದರು, ಐವತ್ತು ಮುಟ್ಟಿದವರು, ನನಗಿಂತ ದುಪ್ಪಟ್ಟು ವಯಸ್ಸು. ಅವರು ಕಂದು ಮರಗಳನ್ನು ನೋಡಿ, “ಪರಿಸರ ಒಣಗೋಯ್ತು ಕಣಪ್ಪ, ನೀರ್ ಬಿಡ್ರೋ” ಎಂದು ಎಲ್ಲರನ್ನೂ ನಗಿಸಿದರು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಮಣ್ಣು ಹಾಳೆಗೆ ಹಿಡಿಯುತ್ತಿರಲಿಲ್ಲ. ಒಣಗಿದ ಮೇಲೆ ಬೆರಳಿಟ್ಟರೆ ಪುಡಿಯಾಗಿ ಉದುರುತ್ತಿತ್ತು. ಬೇವಿನ ಗೋಂದು ಹಾಕಿದೆವು, ಸಾಲಲಿಲ್ಲ. ಮೈದಾ ಬೇಯಿಸಿ ಹಾಕಿದೆವು, ರಾತ್ರಿ ಇಲಿ ತಿಂದಿತು.

ಅದನ್ನು ಬಗೆಹರಿಸಿದವರು ರತ್ನಮ್ಮ. ಕಲ್ಯಾಣದುರ್ಗದವರು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಮಾತು ಕಮ್ಮಿ. ಅಲ್ಲಿನ ಒಂದು ಶಾಲೆಯಲ್ಲಿ ನಾಲ್ಕು ವರ್ಷದಿಂದ ತಾತ್ಕಾಲಿಕವಾಗಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಶಾಲೆ ತೆರೆಯುವುದರೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ತಯಾರಾಗಿ ಕೂತಿದ್ದಾರೆ ಎಂದು ಅವರು ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗಲೇ ಹೇಳಿದ್ದರು, ದೂರಿನಂತಲ್ಲ, ತಮ್ಮ ಊರಿನ ಹೆಸರು ಹೇಳಿದಷ್ಟೇ ಸಾದಾ. ಅವರ ಮನೆಯಲ್ಲಿ ತಾಯಿ ಕಂಬಳಿ ನೇಯುತ್ತಿದ್ದರು. ಉಣ್ಣೆ ನೂಲು ಗಟ್ಟಿಯಾಗಲೆಂದು ಹುಣಸೇ ಪಿಕ್ಕ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಬೇಯಿಸಿದ ಗಂಜಿ ಬಳಿಯುತ್ತಾರೆ. ಅದನ್ನೇ ಮಣ್ಣಿಗೆ ಹಾಕಿ ನೋಡೋಣ ಸಾರ್ ಎಂದರು. ಹಿಂದೂಪುರದಲ್ಲಿ ಹುಣಸೆಗೆ ಏನು ಬರ. ಹುಣಸೆ ಮಂಡಿಯ ಹಿಂದೆ ಪಿಕ್ಕದ ರಾಶಿ ಬಿದ್ದಿರುತ್ತಿತ್ತು. ಮಾರನೆಯ ದಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಗಂಜಿ ಕುದಿಯಿತು, ಮಣ್ಣು ಹಾಳೆಗೆ ಕಚ್ಚಿಕೊಂಡಿತು, ಉಜ್ಜಿದರೂ ಬರಲಿಲ್ಲ. ನನಗೆ ಉಸಿರು ಬಂತು. ರತ್ನಮ್ಮನವರ ರೆಕಾರ್ಡನ್ನು, ಅಂದರೆ ಪರೀಕ್ಷೆಗೆ ಒಪ್ಪಿಸಬೇಕಾದ ಹಾಳೆಗಳ ಕಟ್ಟನ್ನು, ಮಾದರಿಯೆಂದು ಎಲ್ಲರಿಗೂ ತೋರಿಸಿದೆ.

ಒಂದೇ ಕೊರತೆ, ನೀಲಿ. ಆ ನೆಲದಲ್ಲಿ ನೀಲಿ ಇಲ್ಲ. ರತ್ನಮ್ಮ ತಮ್ಮ ರೆಕಾರ್ಡಿನ ಒಂದು ಹಾಳೆಯಲ್ಲಿ ಆಕಾಶವನ್ನು ಖಾಲಿ ಬಿಟ್ಟು, ಒಂದು ಬಾಟಲಿ ನೀಲಿ ತರಬಹುದೇ ಎಂದು ಪೆನ್ಸಿಲಿನಲ್ಲಿ ಬರೆದು ಕೇಳಿದ್ದರು. ನಾನು ಕೆಂಪು ಪೆನ್ನಿನಲ್ಲಿ ಉತ್ತರ ಬರೆದು ಸಹಿ ಹಾಕಿದೆ. ‘ಮೇ ತಿಂಗಳಲ್ಲಿ ನಮ್ಮ ಆಕಾಶ ನೀಲಿಯಾಗಿರುವುದಿಲ್ಲ. ತಲೆ ಎತ್ತಿ ನೋಡಿ. ಕಂಡದ್ದನ್ನು ಬರೆಯಿರಿ.’ ಈ ಮೂರು ವಾಕ್ಯ ಆಮೇಲೆ ಬಹಳ ದೂರ ಹೋದವು. ಶಿಬಿರಗಳಲ್ಲಿ ಹೇಳಿದೆ, ಶಿಕ್ಷಕರ ಕೈಪಿಡಿಯೊಂದರಲ್ಲಿ ಅಚ್ಚಾದವು, ಬೇರೆಯವರು ನನಗೇ ಹೇಳಿದರು.

ಐದನೆಯ ವಾರ ಮುಗಿಯುವ ಹೊತ್ತಿಗೆ ನನ್ನ ನಿದ್ದೆ ಹಾರಿಹೋಗಿತ್ತು. ಕೊನೆಯ ಪರೀಕ್ಷೆ ಕಲ್ಯಾಣದುರ್ಗದಲ್ಲಿ. ತರಬೇತಿ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ ಯಾಕೆ ಎಂದು ಯಾರೂ ಹೇಳಲಿಲ್ಲ. ಬರುವ ಪರೀಕ್ಷಕರು ಹಳೆಯ ಕಾಲದವರು, ನಿಯಮದ ಮನುಷ್ಯ ಎಂದು ಸುದ್ದಿಯಿತ್ತು. ಎಲ್ಲರ ಹಾಳೆಗಳೂ ಹದಿನೈದೇ ಆಗಿದ್ದವು. ಕೆಲಸದ ಪ್ರಮಾಣದಲ್ಲಾದರೂ ತಪ್ಪು ಸಿಗಬಾರದೆಂದು ಕೊನೆಯ ಎರಡು ದಿನ ಎಲ್ಲರನ್ನೂ ಅವಸರಪಡಿಸಿ ಐದೈದು ಹಾಳೆ ಬರೆಸಿದೆ. ಹಾಳೆಗಳು ಇನ್ನೂ ಹಸಿಯಾಗಿರುವಾಗಲೇ ಕಟ್ಟಿಸಿದೆ. ರತ್ನಮ್ಮ ಬಂದು ಬಾಗಿಲಲ್ಲಿ ನಿಂತರು.

“ಗಂಜಿ ಬಳ್ದಿದ್ದು ಎರಡು ಬಿಸ್ಲು ಕಾಣ್ಬೇಕು ಸಾರ್. ನಮ್ಮವ್ವ ಒಂದ್ ಬಿಸ್ಲಿಗೆ ಯಾವತ್ತೂ ಮಡಿಚಲ್ಲ.”

ಬಸ್ಸಿಗೆ ಹೊತ್ತಾಯಿತು ಎಂದೆ. ಈ ಮಾತು ನನಗೆ ಸರಿಯಾಗಿ ನೆನಪಿದೆ. ಇದನ್ನು ಶಿಬಿರಗಳಲ್ಲೂ ಹೇಳುತ್ತೇನೆ, ನನ್ನ ತಪ್ಪು ಎಂದೇ ಹೇಳುತ್ತೇನೆ. ಇಂಥ ಸಣ್ಣ ತಪ್ಪನ್ನು ಒಪ್ಪಿಕೊಂಡರೆ ಕೇಳುವವರಿಗೆ ದೊಡ್ಡದನ್ನು ನಂಬುವುದು ಸುಲಭವಾಗುತ್ತದೆ.

ರೆಕಾರ್ಡುಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿದೆವು. ಪೆನುಕೊಂಡ ದಾಟುವಾಗ ಮಳೆ ಬಂತು. ಆ ವರ್ಷದ ಮೊದಲ ಮಳೆ, ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈ ಹೊರಗೆ ಹಾಕಿ ಖುಷಿಪಟ್ಟರು. ನಾನು ಕಂಡಕ್ಟರನ್ನು ಟಾರ್ಪಾಲು ಇದೆಯೇ ಎಂದು ಕೇಳಿದೆ. ಅವನು ತೆಲುಗಿನಲ್ಲಿ, ಇದೆ ಸಾರ್, ಡಿಪೋದಲ್ಲಿದೆ ಎಂದ.

ಕಲ್ಯಾಣದುರ್ಗದಲ್ಲಿ ಮಧ್ಯಾಹ್ನ ಗೋಣಿ ಇಳಿಸಿ ಬಿಚ್ಚಿದಾಗ ರೆಕಾರ್ಡುಗಳಿರಲಿಲ್ಲ. ಹಲಗೆಗಳಿದ್ದವು. ಹುಣಸೇ ಗಂಜಿ ತನ್ನ ಕೆಲಸ ತಾನು ಮಾಡಿತ್ತು. ಒಬ್ಬೊಬ್ಬರ ಇಪ್ಪತ್ತು ಹಾಳೆಯೂ ಅಂಟಿಕೊಂಡು ಒಂದೊಂದು ಮಂದ ಹಲಗೆಯಾಗಿತ್ತು. ನರಸಿಂಹಪ್ಪ ತಮ್ಮದನ್ನು ಎತ್ತಿ ಮೊಣಕಾಲಿಗೆ ಬಡಿದು ನೋಡಿ ಸುಮ್ಮನೆ ಕೆಳಗಿಟ್ಟರು. ಅವರೂ ತಮಾಷೆ ಮಾಡಲಿಲ್ಲ. ಪರೀಕ್ಷೆ ಮರುದಿನ ಬೆಳಿಗ್ಗೆ ಹತ್ತಕ್ಕೆ.

ರತ್ನಮ್ಮ ಯಾರನ್ನೂ ಕೇಳದೆ ಗೋಣಿಯ ಒಂದು ತುದಿ ಹಿಡಿದರು. ಇದೇ ಬೀದಿಗೆ ಬಂದೆವು. ಅವರ ತಾಯಿ ಕೆಂಚಮ್ಮ ಬೀದಿಯುದ್ದಕ್ಕೂ ನೂಲು ಹಾಸಿ ಕುಂಚದಿಂದ ಗಂಜಿ ಬಳಿಯುತ್ತಿದ್ದರು. ಹಲಗೆಯೊಂದನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದರು.

“ಹಸೀದನ್ನ ಕಟ್ಬುಟ್ಯಾ ಅಯ್ಯೋರೆ? ಓದ್ದೋನು ಅಂತಾಳೆ ನಮ್ ಹುಡ್ಗಿ.”

ಹಳೆಯ ಕಂಬಳಿಗಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಹಲಗೆಯ ಮೇಲೊಂದು ಕೆಳಗೊಂದು ಹಾಕಿ ಸುತ್ತಿಟ್ಟರು. ನೀರು ಸುರಿಯಬಾರದು, ತೇವ ಮೆಲ್ಲಗೆ ಒಳಗೆ ಇಳಿಯಬೇಕು. ಗಂಟೆಗಟ್ಟಲೆ ಕಾದು ಮೂಲೆಯಿಂದ ಉಗುರು ತೂರಿಸಿ ಒಂದೊಂದೇ ಹಾಳೆ ಎತ್ತುವುದು. ಬೀದಿಯ ಹೆಂಗಸರೆಲ್ಲ ಕೂತರು. ಹಾಳೆ ಬಿಡಿಸಿದಾಗ ಒಂದರ ಬಣ್ಣ ಇನ್ನೊಂದರ ಬೆನ್ನಿಗೆ ಹತ್ತಿರುತ್ತಿತ್ತು, ಬೆಟ್ಟದ ಬೆನ್ನಲ್ಲಿ ಕುರಿ, ಕುರಿಯ ಬೆನ್ನಲ್ಲಿ ಬಾವಿ. ಬೆಳಿಗ್ಗೆಯ ಹೊತ್ತಿಗೆ ಎಲ್ಲರ ಹಾಳೆಗಳೂ ಬಿಟ್ಟಿದ್ದವು, ರತ್ನಮ್ಮನವರ ಕೊನೆಯ ಒಂದಷ್ಟನ್ನು ಬಿಟ್ಟು. ಅವರು ಬೇರೆಯವರದ್ದನ್ನು ಬಿಡಿಸುತ್ತ ಕೂತು ತಮ್ಮದಕ್ಕೆ ಸಮಯ ಸಿಗಲಿಲ್ಲ ಎಂದು ನಾನು ತಿಳಿದುಕೊಂಡೆ. ಹಾಗೇ ಹೇಳುತ್ತಲೂ ಬಂದೆ.

ಪರೀಕ್ಷಕರು ಬಂದರು. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಮೃದು ಧ್ವನಿ. ಸುಕ್ಕಾದ ಹಾಳೆಗಳನ್ನು ತಿರುವಿದರು, ಕರವಸ್ತ್ರದಿಂದ ಮೂಗು ಒರೆಸಿಕೊಂಡರು, ಪಠ್ಯಕ್ರಮದ ಪುಟ ತೆಗೆದು ಮೇಜಿನ ಮೇಲಿಟ್ಟರು. ಪೋಸ್ಟರ್ ಬಣ್ಣ ಎಲ್ಲಿ, ಇದನ್ನು ಮಾಡಲು ಹೇಳಿದವರು ಯಾರು ಎಂದು ತೆಲುಗಿನಲ್ಲಿ ಕೇಳಿದರು. ಆಗ ನಾನು ಮುಂದೆ ಬಂದು, ಜವಾಬ್ದಾರಿ ನನ್ನದು, ಇವರು ನಾನು ಹೇಳಿದಂತೆ ಮಾಡಿದ್ದಾರೆ, ಬರೆಯುವುದಿದ್ದರೆ ನನ್ನ ಹೆಸರು ಬರೆಯಿರಿ ಎಂದೆ. ಪರೀಕ್ಷಕರು ಪಠ್ಯಕ್ರಮದ ಪುಟವನ್ನು ಮಡಿಚಿಟ್ಟರು. ಎಲ್ಲರೂ ಪಾಸಾದರು. ರತ್ನಮ್ಮನವರದ್ದು ಮಾತ್ರ ಹಾಳೆ ಅಂಟಿಕೊಂಡಿದ್ದರಿಂದ ‘ರೆಕಾರ್ಡು ಅಪೂರ್ಣ’ ಎಂದು ನಿಂತಿತು. ಅದೊಂದು ನೋವು ಉಳಿಯಿತು ಎಂದು ನಾನು ಕಥೆ ಮುಗಿಸುತ್ತೇನೆ.

ಆ ಬೇಸಿಗೆಯಿಂದಲೇ ನನಗೆ ಹೆಸರು ಬಂತು. ಮಣ್ಣಿನ ಬಣ್ಣದ ಮೇಷ್ಟ್ರು ಎಂದು ಕರೆದರು, ಕೈಪಿಡಿ ಬರೆಯಲು ಕರೆದರು, ಗುತ್ತಿಗೆ ಖಾಯಂ ಆಯಿತು. ಎಲ್ಲವನ್ನೂ ಅನುಮಾನಿಸುವ ನಾನು ಪರೀಕ್ಷೆಯ ಆ ಒಂದು ಗಂಟೆಯನ್ನು ಅನುಮಾನಿಸಲಿಲ್ಲ. ಆದರೂ ಆರು ವರ್ಷ ಕಲ್ಯಾಣದುರ್ಗದ ಶಿಬಿರಗಳಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

ರತ್ನಮ್ಮ ಜಗುಲಿಯ ಮೇಲೆ ಐದಾರು ಮಕ್ಕಳ ಚಿತ್ರಗಳನ್ನು ಹಗ್ಗಕ್ಕೆ ಒಣಹಾಕುತ್ತಿದ್ದರು. ಕೆಂಪು, ಹಳದಿ, ಕಪ್ಪು. ಪ್ರತಿ ಚಿತ್ರದಲ್ಲೂ ಆಕಾಶ ಗಾಢ ನೀಲಿಯಾಗಿತ್ತು. ನಾನು ನೋಡುವುದನ್ನು ನೋಡಿ, ಬಟ್ಟೆಗೆ ಹಾಕುವ ನೀಲಿ ಸಾರ್, ಮಕ್ಕಳು ನೀಲಿ ಇಲ್ಲದೆ ಬರೆಯಲ್ಲ, ಒಂದು ಚಿಟಿಕೆ ಸಾಕು ಎಂದರು. ಮರುವರ್ಷ ಸರ್ಟಿಫಿಕೇಟ್ ಬಂತಂತೆ, ಅಷ್ಟರಲ್ಲಿ ಶಾಲೆಯ ಜಾಗ ಹೋಗಿತ್ತು. ಈಗ ಬೆಳಿಗ್ಗೆ ಒಂದು ಶಾಲೆಯಲ್ಲಿ ಅರೆಕಾಲಿಕ, ಮಧ್ಯಾಹ್ನ ಮಗ್ಗ. ಟೀ ಕೊಟ್ಟು ಎದುರಿಗೆ ಕೂತರು.

“ಬೆಳಿಗ್ಗೆ ನಮ್ ಕಥೆ ಹೇಳಿದ್ರಂತೆ. ಸರೋಜ ಫೋನ್ ಮಾಡಿದ್ಲು. ಚೆನ್ನಾಗಿ ಹೇಳಿದ್ರಂತೆ.”

ತಪ್ಪೇನಾದರೂ ಹೇಳಿದೆನೇ ಎಂದು ಕೇಳಿದೆ. ಅವರು ಲೋಟದೊಳಗೆ ನೋಡಿದರು.

“ಜವಾಬ್ದಾರಿ ನಂದು ಅಂತ ನೀವ್ ಅನ್ನಲಿಲ್ಲ ಸಾರ್. ನೀವು ಕಿಟಕಿ ಹತ್ರ ನಿಂತಿದ್ರಿ. ಅಂದಿದ್ದು ನಾನು. ಗಂಜಿ ನಂದು, ನಾನೇ ಎಲ್ಲಾರ್ಗೂ ಹೇಳ್ಕೊಟ್ಟೆ ಅಂದೆ. ಅದ್ಕೇ ಅವ್ರು ಮಿಕ್ಕೋರ್ನ ಬಿಟ್ರು.”

ನನ್ನ ಓದು ನನ್ನ ನೆರವಿಗೆ ಬಂತು. ಆರು ವರ್ಷ ಆಗಿದೆ, ಇಬ್ಬರ ನೆನಪೂ ನಂಬುವಂಥದ್ದಲ್ಲ, ಮನಸ್ಸು ಬೇಕಾದಂತೆ ತಿದ್ದಿಕೊಳ್ಳುತ್ತದೆ ಎಂದು ಏನೇನೋ ಹೇಳಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡರು.

“ಇರ್ಬೋದು ಸಾರ್. ಆದ್ರೆ ಕೆಲ್ಸ ಹೋಗಿದ್ದು ನಂದಲ್ವಾ.”

ಆಮೇಲೆ ಒಳಗೆ ಹೋಗಿ ಅಟ್ಟದಿಂದ ಒಂದು ಹಲಗೆ ತಂದು ನನ್ನ ಮುಂದಿಟ್ಟರು. ಅದೇ ರೆಕಾರ್ಡಿನ ಕೊನೆಯ ಭಾಗ, ಐದಾರು ಹಾಳೆ, ಈಗಲೂ ಒಂದಾಗಿಯೇ ಇತ್ತು. ನೀಲಿ ಕೇಳಿದ ಹಾಳೆ ಅದರೊಳಗಿದೆ ಎಂದರು. ಅಂಗಡಿಯ ಬಣ್ಣ ಬೇಡವೆಂದು ನಾನು ಸಹಿ ಮಾಡಿ ಬರೆದುಕೊಟ್ಟದ್ದು ಇಡೀ ತರಬೇತಿಯಲ್ಲಿ ಆ ಒಂದು ಹಾಳೆಯಲ್ಲಿ ಮಾತ್ರ. ಅದು ಪರೀಕ್ಷಕರ ಕೈಗೆ ಸಿಕ್ಕಿದ್ದರೆ ನನ್ನ ಗುತ್ತಿಗೆ ಅಲ್ಲಿಗೆ ಮುಗಿಯುತ್ತಿತ್ತು. ರಾತ್ರಿಯೇ ಬಿಡಿಸಬಹುದಿತ್ತು, ಬಿಡಿಸಲಿಲ್ಲವಂತೆ.

“ನೀವೇ ಹೇಳ್ತೀರಿ ಅಂತ ಕಾದೆ ಸಾರ್. ನೀವು ಬಾಯ್ಬಿಟ್ರೆ ಆಮೇಲೆ ಬಿಡ್ಸಿ ತೋರ್ಸಾನ ಅಂತ. ನೀವು ಬಾಯ್ಬಿಡ್ಲಿಲ್ಲ. ಹಾಳೆ ಬರಲ್ಲ ಸಾರ್ ಅಂದ್ಬುಟ್ಟೆ.”

ಬೀದಿಯಲ್ಲಿ ಯಾರೋ ನೂಲಿನ ಮೇಲೆ ಕುಂಚ ಎಳೆಯುವ ಸದ್ದು ಕೇಳುತ್ತಿತ್ತು. ನಾನು ಹಲಗೆಯನ್ನು ತಿರುಗಿಸಿ ಅಂಚು ನೋಡಿದೆ. ಏನೂ ಕಾಣುತ್ತಿರಲಿಲ್ಲ. ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತಲ್ಲ, ಆ ಮೂರು ವಾಕ್ಯ. ಜವಾಬ್ದಾರಿ ನನ್ನದು ಎಂದು ನಾನು ಹೇಳಿರದಿದ್ದರೂ ಬರೆದದ್ದಾದರೂ ನಿಜ, ಅದಾದರೂ ನನ್ನದು ಎನ್ನಿಸಿತು. ಬಿಡಿಸೋಣವೇ ಎಂದು ನಾನೇ ಕೇಳಿದೆ.

ಕೆಂಚಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣದು. ಕಂಬಳಿ ಅದ್ದಿ ಹಿಂಡುವುದಕ್ಕೆ ಕಣ್ಣು ಬೇಕಿರಲಿಲ್ಲ. ಸುತ್ತಿಟ್ಟು ಕೂತೆವು. ನಾನು ಎರಡು ಸಲ ಗಡಿಯಾರ ನೋಡಿದ್ದು ಅವರಿಗೆ ಹೇಗೆ ತಿಳಿಯಿತೋ.

“ಅವತ್ತೂ ಅವಸ್ರ, ಇವತ್ತೂ ಅವಸ್ರ. ಕೂತ್ಕಳಪ್ಪ, ಅದು ಬತ್ತದೆ.”

ಹೊತ್ತು ಇಳಿಯುವಾಗ ರತ್ನಮ್ಮ ಕಂಬಳಿ ತೆಗೆದು ಮೂಲೆಗೆ ಉಗುರು ಹಾಕಿದರು. ಮೊದಲ ಹಾಳೆ ಹರಿಯಿತು. ಎರಡನೆಯದು ಬಂತು. ಮೂರನೆಯದರಲ್ಲಿ ಕೆಂಪು ನೆಲ, ಕಪ್ಪು ಬೆಟ್ಟ, ಖಾಲಿ ಆಕಾಶ. ಆಕಾಶದೊಳಗೆ ಪೆನ್ಸಿಲಿನ ಸಣ್ಣ ಅಕ್ಷರ: ‘ಸಾರ್, ಇಲ್ಲಿಗೆ ಒಂದು ಬಾಟಲಿ ನೀಲಿ ತರಬಹುದಾ?’ ಅದರ ಕೆಳಗೆ ಕೆಂಪು ಬಾಲ್ ಪೆನ್ನು, ಒಂಚೂರೂ ಮಾಸಿರಲಿಲ್ಲ. ಅಕ್ಷರ ನನ್ನದೇ.

‘ಅಂಗಡಿ ಬಣ್ಣ ಬೇಡ. ಹೇಳಿದಷ್ಟು ಮಾಡಿ.’

ಕೆಳಗೆ ನನ್ನ ಸಹಿ. ಆಕಾಶದ ಬಗ್ಗೆ ಒಂದು ಮಾತೂ ಇರಲಿಲ್ಲ. ಹಾಳೆಯ ಬೆನ್ನು ತಿರುಗಿಸಿ ನೋಡಿದೆ, ಅಲ್ಲೂ ಇರಲಿಲ್ಲ. ರತ್ನಮ್ಮ ನನ್ನ ಮುಖ ನೋಡಲಿಲ್ಲ. ಒದ್ದೆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದರು.

“ಮತ್ತೆ ಅಂಟ್ಸಿಡ್ಲಾ ಸಾರ್?”

ಬೇಡ, ಎರಡು ಬಿಸಿಲು ಕಾಣಲಿ, ಆಮೇಲೆ ನನಗೆ ಕೊಡಿ, ಇನ್ನು ಮೇಲೆ ಶಿಬಿರದಲ್ಲಿ ಇದನ್ನೇ ತೋರಿಸುತ್ತೇನೆ ಎಂದೆ. ಹಾಗೆ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಳೆ ಈಗಲೂ ಅವರ ಮನೆಯಲ್ಲೇ ಇದೆ.